ಸರ್ಟಿಫಿಕೇಟಿನಲ್ಲಿ 15 ಪರ್ಸೆಂಟ್, ಆದರೆ ತಮ್ಮನಿಗೆ ಕತ್ತರಿ ಹಿಡಿಯಲು ಬರುವುದಿಲ್ಲ. ಕೋರ್ಟ್ ಇದನ್ನು ಹೇಗೆ ನೋಡುತ್ತದೆ?

ಕತ್ತರಿಮನೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 28 ವರ್ಷ. ಟೈಲರ್. ಬಟ್ಟೆ ಕಟಿಂಗ್‌ನಲ್ಲಿ ಅವನದು ಒಳ್ಳೆಯ ಕೈ. ಕಳೆದ ವರ್ಷ ಬೈಕಿನಲ್ಲಿ ಬರುವಾಗ ಹಿಂದಿನಿಂದ ಗೂಡ್ಸ್ ಗಾಡಿ ಗುದ್ದಿತು. ಬಲಗೈಯ ಹೆಬ್ಬೆರಳು, ತೋರುಬೆರಳು ಜಜ್ಜಿ ಹೋದವು. ಎರಡು ಆಪರೇಷನ್ ಆಯಿತು. ಬೆರಳುಗಳು ಉಳಿದಿವೆ, ಮಡಚಲು ಮಾತ್ರ ಬರುವುದಿಲ್ಲ.

ಡಾಕ್ಟರ್ ಕೊಟ್ಟ ಸರ್ಟಿಫಿಕೇಟಿನಲ್ಲಿ ಕೈಗೆ 45 ಪರ್ಸೆಂಟ್, ಇಡೀ ದೇಹಕ್ಕೆ 15 ಪರ್ಸೆಂಟ್ ಅಂಗವೈಕಲ್ಯ ಎಂದು ಬರೆದಿದೆ. ಕೇಸ್ ಮೋಟಾರು ಅಪಘಾತ ಪರಿಹಾರ ಟ್ರಿಬ್ಯೂನಲ್‌ನಲ್ಲಿದೆ. ಇನ್ಶೂರೆನ್ಸ್ ಕಡೆಯವರು ಲೋಕ್ ಅದಾಲತ್‌ನಲ್ಲಿ 5 ಲಕ್ಷಕ್ಕೆ ಮುಗಿಸಿಕೊಳ್ಳಿ ಎನ್ನುತ್ತಿದ್ದಾರೆ. "15 ಪರ್ಸೆಂಟ್ ಅಲ್ವಾ, ಇನ್ನೆಷ್ಟು ಸಿಗುತ್ತದೆ" ಅನ್ನುವುದು ಅವರ ಮಾತು. ತಮ್ಮ ತಿಂಗಳಿಗೆ ಹದಿನೈದು ಸಾವಿರದಷ್ಟು ದುಡಿಯುತ್ತಿದ್ದ. ಈಗ ಏನೂ ಇಲ್ಲ. 15 ಪರ್ಸೆಂಟ್ ಅಂದರೆ ಅವನ ದುಡಿಮೆಯಲ್ಲಿ 85 ಪರ್ಸೆಂಟ್ ಉಳಿದಿದೆ ಎಂದಾಗಬೇಕಲ್ಲ? ಇತ್ತೀಚಿನ ತೀರ್ಪುಗಳು ಏನು ಹೇಳುತ್ತವೆ, ತಿಳಿದವರು ದಯವಿಟ್ಟು ಹೇಳಿ.

ಹಳೇ_ಗುಮಾಸ್ತ

ಮೊದಲು ಒಂದು ಮಾತು. ಲೋಕ್ ಅದಾಲತ್‌ನಲ್ಲಿ ಒಪ್ಪಿ ಸಹಿ ಹಾಕಿದರೆ ಮತ್ತೆ ಅಪೀಲಿಗೆ ಹೋಗಲು ಬರುವುದಿಲ್ಲ. ಒಪ್ಪಲೇಬೇಕು ಎಂಬ ಕಟ್ಟುಪಾಡೂ ಇಲ್ಲ. ಒಪ್ಪದಿದ್ದರೆ ಕೇಸ್ ಎಲ್ಲಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಹಾಗಾಗಿ ಅವಸರ ಬೇಡ.

ನಾನು ವಕೀಲರ ಆಫೀಸಿನಲ್ಲಿ 22 ವರ್ಷ ಗುಮಾಸ್ತನಾಗಿದ್ದವನು. ಹೆಚ್ಚಿನವು ಆಕ್ಸಿಡೆಂಟ್ ಕೇಸುಗಳೇ. ನಿಮ್ಮ ತಮ್ಮನ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2010ರಲ್ಲೇ ಉತ್ತರ ಕೊಟ್ಟಿದೆ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಎಂಬ ತೀರ್ಪು. ಅದರಲ್ಲಿ ಒಂದು ಉದಾಹರಣೆ ಇದೆ. ಎಡಗೈ ಕಳೆದುಕೊಂಡವನಿಗೆ ಡಾಕ್ಟರ್ ಸುಮಾರು 60 ಪರ್ಸೆಂಟ್ ಎಂದು ಬರೆಯಬಹುದು. ಅವನು ಡ್ರೈವರ್ ಅಥವಾ ಬಡಗಿ ಆಗಿದ್ದರೆ ದುಡಿಮೆಯ ನಷ್ಟ ಹೆಚ್ಚುಕಡಿಮೆ ನೂರು ಪರ್ಸೆಂಟ್. ಸರ್ಕಾರಿ ಕಚೇರಿಯ ಕ್ಲರ್ಕ್ ಆಗಿದ್ದರೆ ಕೆಲಸ ಹೋಗುವುದೇ ಇಲ್ಲ. ಗಾಯ ಒಂದೇ, ನಷ್ಟ ಬೇರೆ ಬೇರೆ. ಡಾಕ್ಟರ್ ಹೇಳಬೇಕಾದ್ದು ದೇಹಕ್ಕೆ ಏನಾಗಿದೆ ಎಂಬುದನ್ನು. ದುಡಿಮೆ ಎಷ್ಟು ಹೋಯಿತು ಎಂದು ತೀರ್ಮಾನ ಮಾಡುವುದು ಟ್ರಿಬ್ಯೂನಲ್‌ನ ಕೆಲಸ.

ನಮ್ಮ ಕಡೆ ಕೈಗೆ 45 ಇದ್ದರೆ ಮೂರರಲ್ಲಿ ಒಂದು ಭಾಗ, ಅಂದರೆ 15, ಇಡೀ ದೇಹಕ್ಕೆ ಎಂದು ಹಾಕುವುದು ರೂಢಿ. ಬಹಳ ಕೇಸುಗಳು ಆ 15ಕ್ಕೇ ನಿಂತುಬಿಡುತ್ತವೆ, ಏಕೆಂದರೆ ಮುಂದಿನದನ್ನು ಯಾರೂ ಸಾಕ್ಷಿಯಲ್ಲಿ ತಂದಿರುವುದಿಲ್ಲ.

ಲೆಕ್ಕ ಮಾಡಿ ತೋರಿಸುತ್ತೇನೆ. ತಿಂಗಳಿಗೆ 15,000 ಅಂದರೆ ವರ್ಷಕ್ಕೆ 1,80,000. ಸ್ವಂತ ದುಡಿಮೆಯವರಿಗೆ, 40 ವರ್ಷದೊಳಗಿದ್ದರೆ, ಮುಂದೆ ಆದಾಯ ಹೆಚ್ಚುತ್ತಿತ್ತು ಎಂದು 40 ಪರ್ಸೆಂಟ್ ಸೇರಿಸಬೇಕು. ಇದು 2017ರ ಪ್ರಣಯ್ ಸೇಥಿ ತೀರ್ಪು, ಐವರು ನ್ಯಾಯಮೂರ್ತಿಗಳ ಪೀಠದ್ದು. ಈಗ 2,52,000 ಆಯಿತು. 26ರಿಂದ 30 ವರ್ಷದವರಿಗೆ ಇದನ್ನು 17ರಿಂದ ಗುಣಿಸಬೇಕು. ವಯಸ್ಸಿಗೆ ತಕ್ಕ ಈ ಗುಣಕ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯದು. ಒಟ್ಟು 42,84,000. ಅದರಲ್ಲಿ 15 ಪರ್ಸೆಂಟ್ ತೆಗೆದುಕೊಂಡರೆ 6,42,600. ದುಡಿಮೆಯ ನಷ್ಟ 40 ಪರ್ಸೆಂಟ್ ಎಂದು ಟ್ರಿಬ್ಯೂನಲ್ ಒಪ್ಪಿದರೆ 17,13,600. ಆಸ್ಪತ್ರೆ ಖರ್ಚು, ನೋವು, ಕೆಲಸ ತಪ್ಪಿದ ತಿಂಗಳುಗಳ ದುಡ್ಡು, ಬಡ್ಡಿ, ಇವೆಲ್ಲ ಬೇರೆ. ಈಗ ಆ 5 ಲಕ್ಷವನ್ನು ಇದರ ಪಕ್ಕ ಇಟ್ಟು ನೋಡಿ.

ಕತ್ತರಿಮನೆ

ಸರ್, ಓದಿ ಮನೆಯವರಿಗೆಲ್ಲ ತೋರಿಸಿದೆ. ಎರಡು ಅನುಮಾನ. ಮುಂದಿನ ಆದಾಯದ 40 ಪರ್ಸೆಂಟ್ ಸತ್ತವರ ಕೇಸಿಗೆ ಮಾತ್ರ ಎಂದು ಇನ್ಶೂರೆನ್ಸ್ ಕಡೆಯ ವಕೀಲರು ಹೇಳಿದರು. ಇನ್ನೊಂದು, ತಮ್ಮನ ಹತ್ತಿರ ಆದಾಯದ ದಾಖಲೆ ಇಲ್ಲ. ಟೈಲರ್ ಅಂಗಡಿಯಲ್ಲಿ ಸಂಬಳದ ಚೀಟಿ ಯಾರು ಕೊಡುತ್ತಾರೆ?

ಹಳೇ_ಗುಮಾಸ್ತ

ಗಾಯದ ಕೇಸಿಗೂ ಅನ್ವಯಿಸುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಡೇಟಾ ಎಂಟ್ರಿ ಕೆಲಸ ಮಾಡುತ್ತಿದ್ದ 20ರ ಹುಡುಗ, ಬಲಗೈ ಹೋಗಿತ್ತು. ಸರ್ಟಿಫಿಕೇಟಿನಲ್ಲಿ 89 ಪರ್ಸೆಂಟ್ ಇತ್ತು. ಹೈಕೋರ್ಟ್ ದುಡಿಮೆಯ ನಷ್ಟ 45 ಮಾತ್ರ ಎಂದಿತ್ತು. ಸುಪ್ರೀಂ ಕೋರ್ಟ್ ಅದನ್ನು 65ಕ್ಕೆ ಏರಿಸಿತು, ಮುಂದಿನ ಆದಾಯವನ್ನೂ ಸೇರಿಸಿತು. ಟೈಪ್ ಮಾಡಿ ಬದುಕುವವನಿಗೆ ಕೈ ಅಂದರೆ ಏನು ಎಂಬುದನ್ನು ಆ ತೀರ್ಪಿನಲ್ಲಿ ಮನಸ್ಸಿಟ್ಟು ನೋಡಿದ್ದಾರೆ.

ಇನ್ನು ದಾಖಲೆಯ ಮಾತು. ಇದರಲ್ಲಿ ನನಗೆ ತುಂಬಾ ಇಷ್ಟವಾದ ತೀರ್ಪು ನಮ್ಮ ರಾಜ್ಯದ ಕೇಸಿನಲ್ಲೇ ಬಂದಿದೆ. 2014ರದು. ನಮ್ಮವರೇ ಆದ ನ್ಯಾಯಮೂರ್ತಿ ವಿ. ಗೋಪಾಲಗೌಡರು ಬರೆದದ್ದು. 24 ವರ್ಷದ ತರಕಾರಿ ವ್ಯಾಪಾರಿಯ ಬಲಗಾಲು ಹೋಗಿತ್ತು. ಕೂತಲ್ಲೇ ತರಕಾರಿ ಮಾರಬಹುದಲ್ಲ ಎಂಬ ರೀತಿಯಲ್ಲಿ ಕೆಳಗಿನ ಕೋರ್ಟ್‌ಗಳಲ್ಲಿ ನಷ್ಟವನ್ನು ಕಡಿಮೆ ಹಿಡಿದಿದ್ದರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತರಕಾರಿ ವ್ಯಾಪಾರ ಒಂದೇ ಕಡೆ ಕೂರುವ ಕೆಲಸ ಅಲ್ಲ, ಬಹಳ ಸಲ ಗಾಡಿಯಲ್ಲಿಟ್ಟು ಮಾರಬೇಕಾಗುತ್ತದೆ ಎಂದಿತು. ನಷ್ಟ 85 ಪರ್ಸೆಂಟ್ ಎಂದು ಹಿಡಿಯಿತು. ತರಕಾರಿ ಮಾರುವವನಿಂದ ಆದಾಯದ ದಾಖಲೆ ಕೇಳುವುದು ಸರಿಯಲ್ಲ ಎಂದೂ ಹೇಳಿ, ತಿಂಗಳಿಗೆ 6,500 ಆದಾಯ ಎಂದು ಒಪ್ಪಿತು. ಆ ತೀರ್ಪು ಓದಿದ ದಿನ ನಮ್ಮ ಆಫೀಸಿನಲ್ಲಿ ಹಿರಿಯ ವಕೀಲರು ಅದನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದ್ದರು. ಈಗಲೂ ನೆನಪಿದೆ.

ಏನೂ ದಾಖಲೆ ಇಲ್ಲದಿದ್ದರೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಚಾರ್ಟ್ ನೋಡಿ ಅಂದಾಜು ಆದಾಯ ಹಾಕುತ್ತಾರೆ. ಆದರೆ ಕೈಲಾದದ್ದನ್ನು ತನ್ನಿ. ಅಂಗಡಿ ಮಾಲೀಕರ ಹೇಳಿಕೆ, ಫೋನಿಗೆ ಬಂದ ದುಡ್ಡಿನ ಪಟ್ಟಿ, ಅಳತೆ ಬರೆಯುವ ಪುಸ್ತಕ, ಏನಿದ್ದರೂ ಸರಿ. ಮತ್ತೊಂದು ಕೆಲಸ ಮಾಡಿ. ತಮ್ಮ ದಿನಕ್ಕೆ ಕೈಯಿಂದ ಏನೇನು ಮಾಡುತ್ತಿದ್ದ, ಈಗ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಸಿ. ಸೂಜಿಗೆ ದಾರ ಹಾಕುವುದರಿಂದ ಶುರು ಮಾಡಿ.

ರಾತ್ರಿಪಾಳಿ_ನರ್ಸ್

ಗುಮಾಸ್ತ ಸರ್ ಹೇಳಿದ್ದಕ್ಕೆ ಆಸ್ಪತ್ರೆ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಸರ್ಟಿಫಿಕೇಟ್ ಒಂದನ್ನೇ ಕೊಟ್ಟರೆ ಸಾಲುವುದಿಲ್ಲ. ಚಿಕಿತ್ಸೆ ಕೊಟ್ಟ ಅಥವಾ ಪರೀಕ್ಷೆ ಮಾಡಿದ ಡಾಕ್ಟರ್ ಬಂದು ಸಾಕ್ಷಿ ಹೇಳಬೇಕು. ಕೇಸ್ ಶೀಟ್ ಪೂರ್ತಿ ಪ್ರತಿ ತೆಗೆದುಕೊಳ್ಳಿ. ಬರೀ ಡಿಸ್ಚಾರ್ಜ್ ಸಮ್ಮರಿ ಅಲ್ಲ. ರೋಗಿ ಅಥವಾ ಮನೆಯವರು ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು 2002ರ ವೈದ್ಯಕೀಯ ನಡತೆ ನಿಯಮ ಹೇಳುತ್ತದೆ. ಅರ್ಜಿಯನ್ನು ಬರೆದು ಕೊಡಿ, ಸೀಲ್ ಹಾಕಿಸಿಕೊಳ್ಳಿ. ಫಿಸಿಯೋಥೆರಪಿ ಚೀಟಿಗಳನ್ನೂ ಬಿಡಬೇಡಿ. ಬೆರಳು ಎಷ್ಟು ಡಿಗ್ರಿ ಮಡಚುತ್ತದೆ ಎಂಬುದು ಅವುಗಳಲ್ಲೇ ಸಿಗುತ್ತದೆ.

ಎರಡು_ಚಕ್ರ

ನನ್ನದೂ ಸ್ವಲ್ಪ ಇಂಥದ್ದೇ. ನಾನು ಹೋಗುತ್ತಿದ್ದಾಗ ಮುಂದಿದ್ದ ಕಾರು ಹೆದ್ದಾರಿಯಲ್ಲಿ ದಿಢೀರ್ ನಿಂತಿತು. ಹಿಂದಿನಿಂದ ನಾನು ಗುದ್ದಿದೆ. ಕಾಲು ಮುರಿಯಿತು. ಹಿಂದಿನಿಂದ ಗುದ್ದಿದವನದೇ ತಪ್ಪು ಎಂದು ಎಲ್ಲರೂ ಹೇಳಿದರು. ನಾನೂ ಹಾಗೇ ಅಂದುಕೊಂಡು ಸುಮ್ನೆ ಇದ್ದೇನೆ. ಏನಾದರೂ ದಾರಿ ಇದೆಯೇ?

ಕರಿಕೋಟು

ಇದೆ. 2025ರ ಜುಲೈ 29ರ ಸುಪ್ರೀಂ ಕೋರ್ಟ್ ತೀರ್ಪು ನಿಮಗೆ ಬಹಳ ಹತ್ತಿರದ್ದು. ಕೊಯಮತ್ತೂರಿನ ಕೇಸ್. ಎಂಜಿನಿಯರಿಂಗ್ ವಿದ್ಯಾರ್ಥಿ ಬೈಕಿನಲ್ಲಿ ಹೋಗುತ್ತಿದ್ದ. ಮುಂದಿನ ಕಾರು ಥಟ್ಟನೆ ಬ್ರೇಕ್ ಹಾಕಿತು. ಅವನು ಗುದ್ದಿ ಬಿದ್ದ. ಹಿಂದಿನಿಂದ ಬಂದ ಬಸ್ ಅವನ ಕಾಲಿನ ಮೇಲೆ ಹರಿಯಿತು. ಕಾಲು ತೆಗೆಯಬೇಕಾಯಿತು. ಗರ್ಭಿಣಿ ಹೆಂಡತಿಗೆ ವಾಂತಿ ಬಂತು, ಅದಕ್ಕೇ ನಿಲ್ಲಿಸಿದೆ ಎಂದು ಕಾರಿನವರು ಹೇಳಿದರು. ಕಾರಣ ಏನೇ ಇರಲಿ, ಹೆದ್ದಾರಿಯಲ್ಲಿ ಹಿಂದಿನವರಿಗೆ ಸೂಚನೆ ಕೊಡದೆ ನಿಲ್ಲಿಸಿದ್ದು ತಪ್ಪು ಎಂದಿತು ಕೋರ್ಟ್. ಕಾರಿಗೆ 50, ಬಸ್ಸಿಗೆ 30, ಹುಡುಗನಿಗೆ 20 ಪರ್ಸೆಂಟ್ ಹೊಣೆ. ಅವನ ಪಾಲಿನ ತಪ್ಪನ್ನು ಕಳೆದ ಮೇಲೂ 91 ಲಕ್ಷ ಚಿಲ್ಲರೆ ಸಿಕ್ಕಿತು.

ನಿಮ್ಮಲ್ಲಿ ಸ್ವಲ್ಪ ತಪ್ಪಿದ್ದರೆ ಅಷ್ಟು ಭಾಗ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಬೈಕಿನಲ್ಲಿ ಮೂವರು ಕೂತಿದ್ದರು ಎಂಬ ಒಂದೇ ಕಾರಣಕ್ಕೂ ಕಡಿತ ಮಾಡಬಾರದು, ಅಪಘಾತಕ್ಕೋ ಬಿದ್ದ ಪೆಟ್ಟಿಗೋ ಅದು ಕಾರಣವಾಯಿತು ಎಂದು ತೋರಿಸಬೇಕು ಎಂದು 2020ರ ತೀರ್ಪೊಂದರಲ್ಲಿ ಹೇಳಿದ್ದಾರೆ.

ನಿಮ್ಮ ಅಪಘಾತ ಯಾವಾಗ ಆದದ್ದು?

ಎರಡು_ಚಕ್ರ

ಹತ್ತು ತಿಂಗಳಾಯಿತು. ಎಫ್‌ಐಆರ್ ಆಗಿದೆ. ಕ್ಲೇಮ್ ಹಾಕಿಲ್ಲ.

ಕರಿಕೋಟು

ಹಾಗಾದರೆ ಈ ವಾರವೇ ವಕೀಲರನ್ನು ನೋಡಿ. 2022ರ ಏಪ್ರಿಲ್ 1ರಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ನಿಯಮ ಜಾರಿಗೆ ಬಂದಿದೆ. ಆ ನಿಯಮವನ್ನೇ ಪ್ರಶ್ನೆ ಮಾಡಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. ತಡವಾಯಿತು ಎಂಬ ಕಾರಣಕ್ಕೆ ಟ್ರಿಬ್ಯೂನಲ್‌ಗಳು ಅರ್ಜಿ ವಜಾ ಮಾಡಬಾರದು ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂತು. ಮಧ್ಯಂತರ ಆದೇಶ ಅಂದರೆ ಕೊನೆಯ ಮಾತಲ್ಲ. ಆ ಬಾಗಿಲು ತೆರೆದಿರುವಾಗಲೇ ಒಳಗೆ ಹೋಗಬೇಕು.

ಅಮ್ಮನ_ಮಗಳು

ನನ್ನ ಅಮ್ಮನಿಗೆ 54. ರಸ್ತೆ ದಾಟುವಾಗ ಆಟೋ ಗುದ್ದಿ ಸೊಂಟದ ಮೂಳೆ ಮುರಿಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ. ಇನ್ಶೂರೆನ್ಸ್ ಕಡೆಯವರು "ಅವರು ಮನೆಯಲ್ಲೇ ಇರುವವರು, ಆದಾಯವೇ ಇಲ್ಲ, ನಷ್ಟ ಎಲ್ಲಿಂದ" ಎಂದು ಬರೆದುಕೊಟ್ಟಿದ್ದಾರೆ. ಅದನ್ನು ಓದಿ ಅಮ್ಮ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಮೂವತ್ತೈದು ವರ್ಷ ಆ ಮನೆಯನ್ನು ಹೊತ್ತವರು ಅವರು.

ಹಳೇ_ಗುಮಾಸ್ತ

ತಾಯಿ, ಅಮ್ಮನಿಗೆ ಹೇಳಿ, ಸುಪ್ರೀಂ ಕೋರ್ಟ್ ಅವರ ಪರವಾಗಿ ಮಾತಾಡಿದೆ. 2021ರ ಜನವರಿಯ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಮನೆಕೆಲಸದ ಬೆಲೆಯ ಬಗ್ಗೆಯೇ ಪ್ರತ್ಯೇಕವಾಗಿ ಬರೆದಿದ್ದಾರೆ. ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯನ್ನು ಅದರಲ್ಲಿ ಎತ್ತಿ ತೋರಿಸಿದ್ದಾರೆ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಅಡುಗೆ, ಮಕ್ಕಳು, ವಯಸ್ಸಾದವರು, ಮನೆಯ ಖರ್ಚುವೆಚ್ಚ, ಹಳ್ಳಿಯಾದರೆ ಹೊಲದ ಕೆಲಸ, ಎಲ್ಲವೂ ಲೆಕ್ಕಕ್ಕೆ ಬರಬೇಕು ಎಂದಿದ್ದಾರೆ. 2024ರ ಫೆಬ್ರವರಿಯ ಇನ್ನೊಂದು ತೀರ್ಪು ಗೃಹಿಣಿಯ ಆದಾಯವನ್ನು ದಿನಗೂಲಿಯ ಕನಿಷ್ಠ ವೇತನಕ್ಕಿಂತ ಕಡಿಮೆ ಹಿಡಿಯುವಂತಿಲ್ಲ ಎಂದಿದೆ. ಇವೆರಡೂ ಸತ್ತವರ ಕೇಸುಗಳು. ಆದರೆ ಆದಾಯ ಹಿಡಿಯುವ ರೀತಿ ಗಾಯದ ಕೇಸಿನಲ್ಲೂ ಅದೇ. 51ರಿಂದ 55ರವರೆಗೆ 11ರಿಂದ ಗುಣಿಸುತ್ತಾರೆ.

ಈಗ ಮನೆಯಲ್ಲಿ ಕೆಲಸಕ್ಕೆ ಯಾರನ್ನಾದರೂ ಇಟ್ಟುಕೊಂಡಿದ್ದೀರಾ? ಇದ್ದರೆ ಅವರಿಗೆ ಕೊಡುವ ದುಡ್ಡು ಬರೆದಿಡಿ. ಅಮ್ಮ ಮಾಡುತ್ತಿದ್ದ ಕೆಲಸದ ಬೆಲೆಗೆ ಅದೂ ಒಂದು ಸಾಕ್ಷಿ.

ಪ್ರೀಮಿಯಂ_ಕಟ್ಟುವವ

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕೋರ್ಟ್‌ಗಳು ಕೋಟಿಗಟ್ಟಲೆ ಕೊಡುತ್ತಾ ಹೋದರೆ ಕೊನೆಗೆ ನಮ್ಮೆಲ್ಲರ ಪ್ರೀಮಿಯಂ ಜಾಸ್ತಿ ಆಗುತ್ತದೆ. ಸುಳ್ಳು ಕ್ಲೇಮ್‌ಗಳೂ ಇವೆ. ಉತ್ತರ ಪ್ರದೇಶದಲ್ಲಿ ಇದರ ತನಿಖೆಗೆ ಎಸ್‌ಐಟಿ (ವಿಶೇಷ ತನಿಖಾ ತಂಡ) ಮಾಡಬೇಕಾಯಿತು. ಸುಲಭವಾಗಿ ಕೈ ಎತ್ತಿ ಕೊಡುವುದು ನ್ಯಾಯವೇ?

ರಾತ್ರಿಪಾಳಿ_ನರ್ಸ್

ಸುಳ್ಳು ಕ್ಲೇಮ್ ಹಿಡಿಯಬೇಕು, ಖಂಡಿತ. ನಿಜವಾಗಿ ನೋವು ತಿಂದವರ ಕೇಸಿಗೂ ಅದರಿಂದಲೇ ಕೆಟ್ಟ ಹೆಸರು. ಆದರೆ "ಸುಲಭವಾಗಿ" ಎಂಬ ಮಾತು ಮಾತ್ರ ನನಗೆ ಒಪ್ಪಿಗೆ ಆಗುವುದಿಲ್ಲ.

2020ರ ಒಂದು ತೀರ್ಪು ಓದಿ. 12 ವರ್ಷದ ಹುಡುಗಿ. 2007ರಲ್ಲಿ ಅಪಘಾತ. ತಲೆಗೆ ಪೆಟ್ಟು ಬಿದ್ದು ಬುದ್ಧಿ ಒಂಬತ್ತು ತಿಂಗಳ ಮಗುವಿನಷ್ಟಕ್ಕೆ ನಿಂತಿತು. ಟ್ರಿಬ್ಯೂನಲ್ ಕೊಟ್ಟದ್ದು 11 ಲಕ್ಷ ಚಿಲ್ಲರೆ. ಹೈಕೋರ್ಟ್ 25 ಲಕ್ಷ ದಾಟಿಸಿತು. ಸುಪ್ರೀಂ ಕೋರ್ಟ್ 62 ಲಕ್ಷ ಚಿಲ್ಲರೆ ಮಾಡಿತು. ಏಕೆ ಗೊತ್ತೇ? ಜೀವನಪೂರ್ತಿ ಅವಳನ್ನು ನೋಡಿಕೊಳ್ಳಲು ಜನ ಬೇಕು ಎಂಬುದನ್ನು ಸರಿಯಾಗಿ ಲೆಕ್ಕ ಹಾಕಿದರು. ಇಬ್ಬರಿಗೆ ತಿಂಗಳಿಗೆ ತಲಾ 5,000 ಎಂದು ಹಿಡಿದು 18ರ ಗುಣಕ ಹಾಕಿದರು. ಅದೊಂದೇ 21,60,000 ಆಗುತ್ತದೆ. ನಾನು ಇಂಥ ಮಕ್ಕಳನ್ನು ವಾರ್ಡಿನಲ್ಲಿ ನೋಡಿಕೊಂಡಿದ್ದೇನೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ರಾತ್ರಿಯೂ. ಇಬ್ಬರು ಬೇಕೇ ಬೇಕು. ಅಪಘಾತದಿಂದ ಈ ತೀರ್ಪಿಗೆ 12 ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟು ವರ್ಷ ಮಗ್ಗುಲು ಬದಲಿಸಿದ್ದು ಯಾರು?

ಪ್ರೀಮಿಯಂ_ಕಟ್ಟುವವ

ಅಕ್ಕ, ಆ ತೀರ್ಪು ಹುಡುಕಿ ಓದಿದೆ. 5,000 ಕೂಡ ಕಡಿಮೆಯೇ ಅನಿಸಿತು. ನನ್ನ ಮಾತನ್ನು ಪೂರ್ತಿ ಬಿಡುವುದಿಲ್ಲ, ಆದರೆ ಇಂಥ ಕೇಸುಗಳಿಗೆ ಅದನ್ನು ಹೇಳಬಾರದಿತ್ತು.

ಕರಿಕೋಟು

ಮಕ್ಕಳ ವಿಷಯ ಬಂದದ್ದಕ್ಕೆ ಒಂದು ಮಾತು. ಮಕ್ಕಳಿಗೆ ಆದಾಯ ಇಲ್ಲ ಎಂದು ಬಹಳ ಕಾಲ ತೀರಾ ಸಣ್ಣ ಅಂಕಿ ಹಿಡಿಯುತ್ತಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಗಾಯಗೊಂಡ ಮಗುವಿನ ಆದಾಯವನ್ನು ಕನಿಷ್ಠಪಕ್ಷ ಆ ರಾಜ್ಯದ ಕುಶಲ ಕೆಲಸಗಾರರ ಕನಿಷ್ಠ ವೇತನದಷ್ಟು ಹಿಡಿಯಬೇಕು ಎಂದಿದೆ. ವೇತನದ ಪಟ್ಟಿಯನ್ನು ಅರ್ಜಿದಾರರು ತರದಿದ್ದರೆ ಇನ್ಶೂರೆನ್ಸ್ ಕಂಪನಿಯೇ ತಂದು ಕೊಡಬೇಕು. ನೋವು ಸಂಕಟದ ಲೆಕ್ಕದಲ್ಲೂ ಬದಲಾವಣೆ ಕಾಣುತ್ತಿದೆ. 2024ರ ನವೆಂಬರ್‌ನಲ್ಲಿ, 90 ಪರ್ಸೆಂಟ್ ಅಂಗವೈಕಲ್ಯ ಆದವರೊಬ್ಬರಿಗೆ ಆ ಒಂದು ಬಾಬತ್ತಿಗೇ 15 ಲಕ್ಷ ಕೊಟ್ಟಿದ್ದಾರೆ.

ಮಾತಿಲ್ಲದವ

ಇಲ್ಲಿ ಕೇಳಬಹುದೋ ಇಲ್ಲವೋ. ನನ್ನ ಭಾವ ಕಾರು ತಾವೇ ಓಡಿಸಿಕೊಂಡು ಹೋಗುವಾಗ ಪಲ್ಟಿಯಾಗಿ ತೀರಿಕೊಂಡರು. ಬೇರೆ ಗಾಡಿ ಇರಲಿಲ್ಲ. ಅಕ್ಕನಿಗೆ ಇಬ್ಬರು ಮಕ್ಕಳು. ಕೇಸ್ ಹಾಕಿದರೆ ಸಿಗುತ್ತದೆ ಎಂದು ಒಬ್ಬರು ದುಡ್ಡು ಕೇಳುತ್ತಿದ್ದಾರೆ.

ಕರಿಕೋಟು

ಖಂಡಿತ ಕೇಳಬಹುದು. ಕಷ್ಟದ ಉತ್ತರ, ಆದರೆ ನೇರವಾಗಿ ಹೇಳುವುದೇ ಒಳ್ಳೆಯದು. ಓಡಿಸುತ್ತಿದ್ದವರ ಅತಿವೇಗ ಅಥವಾ ಅಜಾಗರೂಕತೆಯಿಂದಲೇ ಅಪಘಾತ ಆಗಿದ್ದರೆ ಅವರ ಕುಟುಂಬಕ್ಕೆ ಈ ದಾರಿಯಲ್ಲಿ ಪರಿಹಾರ ಸಿಗುವುದಿಲ್ಲ. ಅರಸೀಕೆರೆ ಕಡೆ ಹೋಗುವಾಗ ಆದ 2014ರ ಅಪಘಾತದ ಕೇಸ್ ಇಂಥದ್ದೇ. ಕುಟುಂಬ 80 ಲಕ್ಷ ಕೇಳಿತ್ತು. ಹೈಕೋರ್ಟ್ ಒಪ್ಪಲಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಧ್ಯೆ ಬರಲಿಲ್ಲ.

ಆದರೆ ಪಾಲಿಸಿ ತೆಗೆದು ನೋಡಿ. ಕಾರು ಭಾವನ ಹೆಸರಿನಲ್ಲೇ ಇದ್ದರೆ ಮಾಲೀಕ ಚಾಲಕರ ವೈಯಕ್ತಿಕ ಅಪಘಾತ ವಿಮೆ 15 ಲಕ್ಷದ್ದು ಇರಬಹುದು. ಅದು ಯಾರ ತಪ್ಪು ಎಂಬುದನ್ನು ನೋಡುವುದಿಲ್ಲ. ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಆ ಪ್ರೀಮಿಯಂ ಕಟ್ಟಿದ್ದಾರೆಯೇ ಎಂದು ಪಾಲಿಸಿಯ ಮೊದಲ ಪುಟದಲ್ಲೇ ಇರುತ್ತದೆ. ದುಡ್ಡು ಕೇಳಿದವರಿಗೆ ಈಗಲೇ ಏನೂ ಕೊಡಬೇಡಿ.

ಮಾತಿಲ್ಲದವ

ಪಾಲಿಸಿ ಸಿಕ್ಕಿತು. 15 ಲಕ್ಷ ಎಂದು ಬರೆದಿದೆ. ಅಕ್ಕನಿಗೆ ಈಗ ತಾನೇ ಫೋನ್ ಮಾಡಿದೆ. ತುಂಬಾ ಉಪಕಾರ ಆಯಿತು.

ಬೆಳಗಿನ_ಬಸ್ಸು

ಆಪರೇಷನ್ ಫೇಲ್ ಆದರೆ ಆಸ್ಪತ್ರೆ ಮೇಲೂ ಹೀಗೇ ಕೇಳಬಹುದಾ?

ರಾತ್ರಿಪಾಳಿ_ನರ್ಸ್

ಫೇಲ್ ಆಯಿತು ಎಂಬುದೇ ತಪ್ಪಿಗೆ ಸಾಕ್ಷಿ ಆಗುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಒಬ್ಬ ಹುಡುಗನ ಕಣ್ಣಿನ ಆಪರೇಷನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿ, ಡಾಕ್ಟರ್ ವಿರುದ್ಧದ ಆದೇಶ ರದ್ದು ಮಾಡಿತು. ಮಾಡಬೇಕಾದ್ದನ್ನು ಮಾಡಲಿಲ್ಲ ಎಂದು ತೋರಿಸಬೇಕು. 2015ರ ಒಂದು ಕೇಸ್ ಇದಕ್ಕೆ ವಿರುದ್ಧದ್ದು. ಅವಧಿಗೆ ಮುನ್ನ ಹುಟ್ಟಿದ ಮಗು. ಕಣ್ಣಿನ ರೆಟಿನಾ ಪರೀಕ್ಷೆ ಮಾಡಿಸಿ ಎಂದು ಯಾರೂ ಹೇಳಲಿಲ್ಲ. ಮಗುವಿನ ದೃಷ್ಟಿ ಹೋಯಿತು. ಅಲ್ಲಿ ಸುಮಾರು 1.8 ಕೋಟಿ ಪರಿಹಾರ ಬಂತು. ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದ ಗಡುವು ಇದೆ. ನಿಮ್ಮದು ದೊಡ್ಡ ವಿಷಯ, ಬೇರೆ ಚರ್ಚೆಯಾಗಿ ಹಾಕಿ, ನಾನು ಬರುತ್ತೇನೆ.

ಕತ್ತರಿಮನೆ

ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಲೋಕ್ ಅದಾಲತ್‌ಗೆ ಒಪ್ಪಲಿಲ್ಲ. ಹೋದ ವಾರ ಡಾಕ್ಟರ್ ಸಾಕ್ಷಿ ಆಯಿತು. ನಮ್ಮ ವಕೀಲರು ಪರ್ಸೆಂಟ್ ಬಗ್ಗೆ ಹೆಚ್ಚು ಕೇಳಲಿಲ್ಲ. ಈ ಕೈಯಿಂದ ಎರಡು ಪದರ ಬಟ್ಟೆ ಕತ್ತರಿಸಲು ಆಗುತ್ತದೆಯೇ, ಸೂಜಿ ಹಿಡಿಯಲು ಆಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲ ಎಂದು ಡಾಕ್ಟರ್ ಹೇಳಿದರು. ಫಿಸಿಯೋಥೆರಪಿ ಚೀಟಿಗಳನ್ನು ತೋರಿಸಿದರು. ಇನ್ಶೂರೆನ್ಸ್ ವಕೀಲರು ಬೇರೆ ಕೆಲಸ ಮಾಡಬಹುದಲ್ಲವೇ ಎಂದು ಕೇಳಿದರು. ಮಾಡಬಹುದು, ಟೈಲರ್ ಕೆಲಸ ಆಗುವುದಿಲ್ಲ ಎಂದರು ಡಾಕ್ಟರ್. ಅಂಗಡಿ ಮಾಲೀಕರೂ ಬಂದು ಹೇಳಿಕೆ ಕೊಟ್ಟರು.

ಗುಮಾಸ್ತ ಸರ್, ನೀವು ಹೇಳಿದ ಹಾಳೆಯನ್ನು ತಮ್ಮನೇ ಬರೆದ. ನಾನು ಬರೆದುಕೊಡುತ್ತೇನೆ ಅಂದರೆ ಬೇಡ ಅಂದ. ಎಡಗೈಯಲ್ಲಿ ಬರೆಯಲು ಎರಡು ರಾತ್ರಿ ಹಿಡಿಯಿತು. ಒಂದೂವರೆ ಪುಟ. ವಕೀಲರು ಅದನ್ನು ಹಾಗೇ ಫೈಲಿಗೆ ಹಾಕಿದ್ದಾರೆ. ವಾದಕ್ಕೆ ಮುಂದಿನ ತಿಂಗಳು ದಿನಾಂಕ ಕೊಟ್ಟಿದ್ದಾರೆ.

ಹಳೇ_ಗುಮಾಸ್ತ

ಆ ತರಕಾರಿ ವ್ಯಾಪಾರಿಯ ತೀರ್ಪಿನ ಪ್ರತಿ ನಿಮ್ಮ ವಕೀಲರ ಕೈಗೆ ವಾದದ ದಿನಕ್ಕೆ ಮೊದಲೇ ತಲುಪಲಿ. ಅವರ ಹತ್ತಿರ ಇಲ್ಲದಿದ್ದರೆ ನನಗೆ ಹೇಳಿ, ಕಳಿಸುತ್ತೇನೆ.